ಶಾವಿಗೆ ಒತ್ತುವ ಮನೆಗೆ ಬಂದವರು

ಪುಟ್ಟಿ, ಚಿನ್ನು, ನಿಮ್ಮಜ್ಜಿಗೆ ಬಾಯೇ ಇಲ್ಲ ಎಂದು ನೀವು ನಗುತ್ತೀರಲ್ಲ, ಒಂದು ಸಲ ಇತ್ತು. ಅದನ್ನು ಬರೆದಿಡುತ್ತೇನೆ.

ಪಕ್ಕದ ಮನೆಯಾಕೆ, ಆಕೆಯ ಸೊಸೆ, ನಾನು ಸೇರಿ ಮಾರಲು ಅಕ್ಕಿ ಶಾವಿಗೆ ಮಾಡುತ್ತಿದ್ದೆವು. ಬೆಂದ ಹಿಟ್ಟಿನ ಉಂಡೆಗಳನ್ನು ಬಿಸಿಯಲ್ಲೇ ಶಾವಿಗೆ ಒರಳಿಗೆ ಹಾಕಿ ಒತ್ತಿ, ಮಾಳಿಗೆಯ ಮೇಲೆ ಪಂಚೆ ಹಾಸಿ ಒಣಗಿಸುವುದು. ಒಂದು ಚೀಲ ತಂದು ತೋರಿಸಿ, ಚೆನ್ನಾಗಿದ್ದರೆ ವಾರವಾರ ಕೊಳ್ಳುತ್ತೇವೆ ಎಂದು ಶಿರಾದ ಒಂದು ಅಂಗಡಿಯವರು ಹೇಳಿದ್ದರು. ಅದು ತಪ್ಪಿದರೆ ಆ ಸೊಸೆ ಕೈಗೂಸನ್ನು ಕಟ್ಟಿಕೊಂಡು ಮತ್ತೆ ಗೌಡಗೆರೆ ಕಡೆ ಕಡಲೆಕಾಯಿ ಕೀಳಲು ಕೂಲಿಗೆ ಹೋಗಬೇಕಿತ್ತು.

ಆದರೆ ಶಾವಿಗೆ ಒತ್ತುವ ಮನೆಗೆ ಬಂದವರನ್ನು ತಿನ್ನಿಸದೆ ಕಳಿಸುವುದು ನಮ್ಮ ಕಡೆ ಇಲ್ಲ. ಮನೆಮಟ್ಟಿಗೆ ಮಾಡಿದಾಗ ಅದು ಸರಿ. ಮಾರಲು ಮಾಡುವಾಗ? ಹಬೆಯ ವಾಸನೆ ಬೀದಿಗೆ ಹೋಗುವುದೇ ತಡ, ಡೇರಿಗೆ ಹಾಲು ಹಾಕಲು ಹೊರಟವರು, ಕುರಿ ಹೊಡೆದುಕೊಂಡು ಹೊರಟವರು, ಎಲ್ಲರೂ ಜಗಲಿ ಹತ್ತುತ್ತಿದ್ದರು. "ಹೆಂಗೈತೆ ಯಾಪಾರ?" ಎಂದು ಕೇಳುತ್ತಲೇ ತಟ್ಟೆ ಖಾಲಿ ಮಾಡುತ್ತಿದ್ದರು. ನಾನು ನಾಚಿಕೆಗೆ ಬಡಿಸುತ್ತಲೇ ಇದ್ದೆ. ಮಾಳಿಗೆಯ ಪಂಚೆ ಅರ್ಧವೂ ತುಂಬುತ್ತಿರಲಿಲ್ಲ.

ಚೀಲ ಕಳಿಸುವ ಹಿಂದಿನ ದಿನ ಇನ್ನೊಂದು ಪಾತ್ರೆ ಉಂಡೆ ಒತ್ತಿದರೆ ಸಾಕಿತ್ತು. ಒಳ್ಳೆ ಬಿಸಿಲೂ ಇತ್ತು. ಆಗ ನನ್ನ ಮೈದುನ, ಅಂದರೆ ನಿಮ್ಮ ಚಿಕ್ಕತಾತ, ಬಂದು ಕೂತ.

"ಅತ್ಗೆ, ಕಾಯಿಹಾಲು ಒಸಿ ತೆಳ್ಳಗೈತೆ ಕಣಮ್ಮ," ಎಂದು ಎರಡನೆಯ ಸಲ ತಟ್ಟೆ ಚಾಚಿದ.

ಒರಳು ತಿರುಗಿಸಿ ಸೋತ ಸೊಸೆ ತೋಳು ನೀವಿಕೊಳ್ಳುತ್ತಿದ್ದಳು. ನನಗೆ ಎಲ್ಲಿತ್ತೋ ಸಿಟ್ಟು, ತಟ್ಟೆ ಕಿತ್ತುಕೊಂಡೆ.

"ಮೊದ್ಲು ಒತ್ತಪ್ಪ. ಇನ್ಮೇಲೆ ಒತ್ತಿದೋರ್ಗೆ ಮಾತ್ರ ತಟ್ಟೆ!"

ಜಗಲಿಯ ಮೇಲಿದ್ದ ಇಬ್ಬರು ಟವೆಲ್ಲು ಕೊಡವಿ ಎದ್ದು ಹೋದರು.

"ಈಗ್ತಾನೆ ಉಂಡ್ ಬಂದಿವ್ನಿ ಕಣತ್ಗೆ, ಬಗ್ಗಾಕಾಗಲ್ಲ," ಎಂದ ಮೈದುನ.

"ಉಂಡ್ ಬಂದು ಇಲ್ಲೂ ಉಂಡ್ಯಲ್ಲ, ಅದೆಂಗಾಯ್ತು? ಬಾ, ಹಿಡಿ," ಎಂದಳು ಪಕ್ಕದಾಕೆ.

ಗೊಣಗುತ್ತಲೇ ಒತ್ತಿದ. ಪಂಚೆ ತುಂಬಿತು, ಸಂಜೆಗೆ ಗರಿಗರಿ ಒಣಗಿತು, ಮಾರನೆಯ ದಿನ ಚೀಲ ಶಿರಾಕ್ಕೆ ಹೋಯಿತು. ಈಗ ವಾರವಾರ ಹೋಗುತ್ತದೆ. ಸೊಸೆ ಕೂಲಿಗೆ ಹೋಗಲಿಲ್ಲ. ಊರವರು ನನ್ನನ್ನು ಜಿಪುಣಿ ಎನ್ನುತ್ತಾರೆ. ಅದೇ ಬಾಯಲ್ಲಿ, ಒತ್ತುವುದಕ್ಕೆ ಜನ ಬೇಕೇ ಎಂದೂ ಕೇಳುತ್ತಾರೆ!

ಈ ಹಾಳೆಗಳನ್ನು ಗೆದ್ದಲು ಹತ್ತದ ಕಡೆ ಜೋಪಾನವಾಗಿಡಿ. ನಿಮ್ಮ ಚಿಕ್ಕತಾತನ ಕೈಗೆ ಮಾತ್ರ ಕೊಡಬೇಡಿ.