ಅಳುವಿಗೆ ಬಿದ್ದ ಚಪ್ಪಾಳೆ

ಬುರುಲ್ಕಾನ್ ಅಕ್ಕ ಬಿಶ್ಕೆಕ್‌ನ ಉತ್ತರದಂಚಿನಲ್ಲಿರುವ ನಮ್ಮ ಬಡಾವಣೆಯ ಬಸ್ ನಿಲ್ದಾಣದಲ್ಲಿ ಮಕ್ಸಿಮ್ ಮಾರುತ್ತಾಳೆ. ಹುರಿದ ಧಾನ್ಯದ ಹುಳಿ ಅಂಬಲಿ ಅದು. ಬೇಸಿಗೆಯಲ್ಲಿ ತಣ್ಣಗೆ, ಚಳಿಯಲ್ಲಿ ಬೆಚ್ಚಗೆ. ಇಪ್ಪತ್ತು ವರ್ಷದಿಂದ ಅದೇ ನೀಲಿ ಪೀಪಾಯಿ, ಅದೇ ಮುರುಕು ಸ್ಟೂಲು. ಈ ಜಮೀನಿಗೆ ನಾವೆಲ್ಲ ಗೂಟ ಹೊಡೆದು ಕೂತ ಕಾಲದಲ್ಲಿ ಪೊಲೀಸರ ಬೂಟಿಗೆ ಬೆನ್ನು ಕೊಟ್ಟವರಲ್ಲಿ ಅವಳೂ ಒಬ್ಬಳು. ಆಗ ಅವಳ ಮಗ ಬೆಕ್ತೆಮಿರ್‌ಗೆ ಆರು ವರ್ಷ. ಗಂಡ ಕೂಲಿಗೆಂದು ರಷ್ಯಾಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಕಟ್ಟಿಕೊಂಡ. ಅವನ ಬಗ್ಗೆ ಅವಳು ಆಡಿದ್ದು ಒಂದೇ ಮಾತು: ಹೋದ ಕತ್ತೆ ಮೇವು ಉಳಿಸಿತು.

ಅವಳಿಗೆ ಇನ್ನೊಂದು ಕೆಲಸವೂ ಬರುತ್ತದೆ. ಯಾರ ಮನೆಯಲ್ಲಿ ಸಾವಾದರೂ ಅವಳನ್ನು ಕರೆಯುತ್ತಾರೆ, ಕೊಶೊಕ್ ಹಾಡಲಿಕ್ಕೆ. ಕೊಶೊಕ್ ಎಂದರೆ ಹೆಂಗಸರು ಸತ್ತವರ ಮೇಲೆ ಅಲ್ಲೇ ಕೂತು, ಅಲ್ಲೇ ಕಟ್ಟಿ, ಪ್ರಾಸ ಹಿಡಿದು ಅಳುವ ಹಾಡು. ಸಾವಿನ ಮನೆಯ ಅಂಗಳದಲ್ಲಿ ಹೂಡಿದ ಕಂಬಳಿ ಗುಡಾರದಲ್ಲಿ ಬಾಗಿಲಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂತಿರಬೇಕು. ಹೊರಗಿನಿಂದ ಗಂಡಸರು "ಅಯ್ಯೋ ನನ್ನ ಕರುಳೇ" ಎಂದು ಗೋಳಿಡುತ್ತ ಬರುತ್ತಾರೆ. ಒಳಗಿನಿಂದ ಹಾಡು ಉತ್ತರ ಕೊಡುತ್ತದೆ. ಹಾಡುವಾಗ ಹೆಂಗಸು ಏನು ಹೇಳಿದರೂ ನಡೆಯುತ್ತದೆ. ಸೊಸೆ ಅತ್ತೆಯ ಕ್ರೌರ್ಯವನ್ನು ಹೇಳಬಹುದು, ತಂಗಿ ಆಸ್ತಿ ನುಂಗಿದ ಅಣ್ಣನನ್ನು ಹೇಳಬಹುದು. ಯಾರೂ ನಡುವೆ ಬಾಯಿ ಹಾಕುವಂತಿಲ್ಲ, ಆಮೇಲೆ ಜಗಳಕ್ಕೂ ಬರುವಂತಿಲ್ಲ. ನಮ್ಮ ಹೆಂಗಸರಿಗೆ ಸಿಕ್ಕಿದ ಒಂದೇ ಒಂದು ನ್ಯಾಯಾಲಯ ಅದು, ಅದಕ್ಕೂ ಮನೆಯಲ್ಲೊಂದು ಹೆಣ ಬೀಳಬೇಕು.

ಬೆಕ್ತೆಮಿರ್ ಬೆಳೆದದ್ದು ಈ ಹಾಡಿನ ಮಡಿಲಲ್ಲಿ. ಹದಿನೈದಕ್ಕೆ ಫೋನಿನಲ್ಲಿ ತಾಳ ಹಾಕಿಕೊಂಡು ರ‍್ಯಾಪ್ ಶುರು ಮಾಡಿದ. ಇಟ್ಟುಕೊಂಡ ಹೆಸರು ತಿಕೆನ್, ಅಂದರೆ ಮುಳ್ಳು. ಹುಟ್ಟಾ ಉಬ್ಬಸದವನು; ಎರಡು ಸಾಲಿನ ನಡುವೆ ಅವನು ಎಳೆಯುವ ಉಸಿರೇ ಅವನ ಗುರುತಾಯಿತು. ಹುಡುಗರು ಅದನ್ನು ಶೈಲಿ ಅಂದುಕೊಂಡು ಕನ್ನಡಿ ಮುಂದೆ ನಿಂತು ಕಲಿತರು. ಬಡಾವಣೆಯ ಬೆನ್ನಿಗೇ ಜೆಕ್ಷೆನ್ ಎಂಬುವನ ಇಟ್ಟಿಗೆ ಗೂಡಿದೆ. ಕಲ್ಲಿದ್ದಲು ದುಬಾರಿಯಾದ ವರ್ಷದಿಂದ ಅವನು ಹಳೆ ಟೈರು ಸುಡುತ್ತಾನೆ. ಚಳಿಗಾಲ ಬಂದರೆ ಒಗೆದ ಬಟ್ಟೆ ಕಪ್ಪಗಾಗಿ ಒಣಗುತ್ತದೆ, ಮಕ್ಕಳು ಕಪ್ಪು ಕಫ ಉಗುಳುತ್ತವೆ. ತಿಕೆನ್‌ನ ಜನಪ್ರಿಯ ಹಾಡೇ ಈ ಹೊಗೆಯ ಮೇಲೆ. ಊರೆಲ್ಲ ಹಾಡಿತು. ಹಿಂದಿನ ನವೆಂಬರಿನಲ್ಲಿ, ಹೊಗೆ ನೆಲಕ್ಕಿಳಿದು ಮೂರು ದಿನ ಕೂತಾಗ, ಆಸ್ಪತ್ರೆಯ ದಾರಿಯಲ್ಲಿ ಟ್ಯಾಕ್ಸಿಯೊಳಗೇ ಅವನ ಉಸಿರು ನಿಂತಿತು. ಇಪ್ಪತ್ತಾರು ವರ್ಷ.

ಸತ್ತ ಮೇಲೆ ಅವನು ದೊಡ್ಡವನಾದ. ಅಂಗಿಗಳ ಮೇಲೆ ಅವನ ಮುಖ, ಕುತ್ತಿಗೆಗಳ ಮೇಲೆ ಮುಳ್ಳಿನ ಹಚ್ಚೆ, ಬಸ್ಸಿನ ಕಿಟಕಿಯ ಧೂಳಿನಲ್ಲಿ ಬೆರಳಿಂದ ಬರೆದ ಅವನ ಸಾಲು. ಅಭಿಮಾನಿಗಳ ಗುಂಪಿಗೆ ಎಲ್ದಿಯಾರ್ ಎಂಬ ಇಪ್ಪತ್ತೆರಡರ ಯುವಕ ಮುಖಂಡ. ಒಳ್ಳೆಯವನೇ, ಆದರೆ ಕಣ್ಣಿಗಿಂತ ಫೋನನ್ನು ಹೆಚ್ಚು ನಂಬುವವನು. ಒಂಬತ್ತು ಮಹಡಿಯ ಕಟ್ಟಡವೊಂದರ ಗೋಡೆಗೆ ಅವರು ತಿಕೆನ್‌ನ ಚಿತ್ರ ಬರೆಸಿದರು. ಬಣ್ಣ, ಏಣಿ, ಅಟ್ಟಣೆ ಎಲ್ಲ ಜೆಕ್ಷೆನ್ ಕೊಟ್ಟದ್ದು. ಅವನು ಆ ವರ್ಷ ಚುನಾವಣೆಗೆ ನಿಂತಿದ್ದ.

ಅಕ್ಕ ಇದನ್ನು ಕೇಳಿ ಪೀಪಾಯಿಯ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದಳು. ಮಣ್ಣಿನ ದಿನ ಜೆಕ್ಷೆನ್ ಬಂದಿರಲಿಲ್ಲ, ನಲವತ್ತನೆಯ ದಿನದ ಊಟಕ್ಕೂ ಬಂದಿರಲಿಲ್ಲ. ಇನ್ನು ಉಳಿದದ್ದು ವರ್ಷದೂಟ ಒಂದೇ. ಆ ದಿನ ತಾಯಿಯ ಮೈಮೇಲಿನ ಕಪ್ಪು ತೆಗೆದು ಬಿಳಿ ಹೊದಿಸುತ್ತಾರೆ. ಅಲ್ಲಿಗೆ ಅಳು ಮುಗಿಯಿತು. ಆಮೇಲೆ ಆ ಸತ್ತವನ ಮೇಲೆ ಕೊಶೊಕ್ ಎತ್ತಿದರೆ ಸತ್ತವನಿಗೇ ಭಾರ ಎನ್ನುತ್ತಾರೆ ನಮ್ಮವರು. ಜೆಕ್ಷೆನ್‌ನ ಎದುರಿಗೆ, ಅವನು ತಿರುಗಿ ಮಾತಾಡಲಾಗದ ಜಾಗದಲ್ಲಿ, ನನ್ನ ಮಗನನ್ನು ಕೊಂದದ್ದು ನೀನು ಎಂದು ಹೇಳಬೇಕು. ಇದೊಂದನ್ನೇ ಅವಳು ವರ್ಷವಿಡೀ ಹೊಟ್ಟೆಯಲ್ಲಿಟ್ಟುಕೊಂಡು ಅಂಬಲಿ ಮಾರಿದ್ದಳು.

ಅಕ್ಟೋಬರಿನ ಕೊನೆಗೆ ವರ್ಷದೂಟ ಇಟ್ಟುಕೊಂಡೆವು. ಬೆಳಿಗ್ಗೆ ನಾವು ಹೆಂಗಸರು ಬೋರ್ಸೋಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿಯುತ್ತಿದ್ದಾಗ ಎಲ್ದಿಯಾರ್ ಬಂದು ಬಾಣಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಅಮ್ಮಾ, ಜೆಕ್ಷೆನ್ ಮಾಮ ಬರ್ತಾರಂತೆ. ಊಟಕ್ಕೆ ಒಂದು ಕುದುರೇನೂ ತರ್ತಿದಾರೆ. ನೀವೊಂದು ಸ್ವಲ್ಪ…"

"ಸ್ವಲ್ಪ ಏನೋ?"

"ಅಂದ್ರೆ ಇವತ್ತು ಜಗಳ ಬೇಡ ಅಂತ. ತಿಕೆನ್ ಎಲ್ಲರಿಗೂ ಸೇರಿದವನು ಅಲ್ವಾ."

"ಹೆರೋವಾಗ ನಾನೊಬ್ಳೇ ಇದ್ದೆ, ನೀವೆಲ್ಲ ಎಲ್ಲಿ ಹೋಗಿದ್ರಿ?" ಎಂದಳು ಅಕ್ಕ. ಹೆಂಗಸರು ನಕ್ಕರು, ಅವನೂ ನಕ್ಕ. ಅವಳು ಹಿಟ್ಟಿನ ಕೈ ಒರೆಸಿಕೊಂಡು, "ಸಾವಿನ ಮನೆಗೆ ಬಂದೋರನ್ನ ಯಾರಾದ್ರೂ ತಳ್ತಾರೇನೋ? ಬರ್ಲಿ. ಬರ್ಲಿ ಅಂತಾನೇ ಕಾದಿದೀನಿ" ಎಂದಳು. ಅವನು ಅದನ್ನು ಒಪ್ಪಿಗೆ ಅಂದುಕೊಂಡು ಎದ್ದು ಹೋದ.

ಮಧ್ಯಾಹ್ನದ ಹೊತ್ತಿಗೆ ಗುಡಾರದ ಸುತ್ತ ಸಾವಿರ ಜನ. ಅರ್ಧ ಭಾಗ ಅಭಿಮಾನಿಗಳೇ, ಎಲ್ಲ ಕಪ್ಪು ಅಂಗಿ. ಒಳಗೆ ಅಕ್ಕ ಗೋಡೆಗೆ ಮುಖ ಮಾಡಿ, ಎರಡೂ ಕೈ ಸೊಂಟಕ್ಕೆ ಕೊಟ್ಟು ಕೂತಿದ್ದಳು. ಪಕ್ಕದಲ್ಲಿ ಬಾಗಿಲ ಕಡೆ ತಿರುಗಿ ನಾನು. ಬಂದವರು ಯಾರೆಂದು ನೋಡಲು ಅವಳು ತಿರುಗುವಂತಿಲ್ಲ. ಅವನು ಬಂದರೆ ಮೊಣಕೈಗೆ ತಟ್ಟು ಎಂದು ನನಗೆ ಹೇಳಿದ್ದಳು. ಬಂದ ಗುಂಪಿಗೆಲ್ಲ ಮೆತ್ತಗೆ ಎರಡು ಸಾಲು ಹಾಡಿ ಗಂಟಲು ಉಳಿಸಿಕೊಳ್ಳುತ್ತಿದ್ದಳು. ಕಡೆಗೆ ಹೊರಗೆ ಕಾರುಗಳ ಬಾಗಿಲು ಬಡಿದವು. ಜೆಕ್ಷೆನ್ ಕೋಲೂರಿ, ಬಗ್ಗಿ, "ಅಯ್ಯೋ ನನ್ನ ಕರುಳೇ, ನನ್ನ ಸಿಂಹವೇ" ಎಂದು ಗೋಳಿಡುತ್ತ ಬಂದ. ಗಂಟಲು ಚೆನ್ನಾಗಿಯೇ ಇತ್ತು. ನಾನು ಮೊಣಕೈ ತಟ್ಟಿದೆ.

ಇಂಥ ಕೊಶೊಕ್ಕನ್ನು ನಾನು ಬದುಕಿನಲ್ಲಿ ಕೇಳಿರಲಿಲ್ಲ. ನೆನಪಿರುವಷ್ಟು ಬರೆಯುತ್ತೇನೆ.

ಬೆಟ್ಟದ ಗಾಳಿ ಬೇಡಿದ ಮಗನೆ,
ಟೈರಿನ ಹೊಗೆಯ ನುಂಗಿದೆಯಾ.
ಗೂಡಿನ ಒಡೆಯ ಬಾಗಿಲಲವನೆ,
ಮಣ್ಣಿನ ಒಳಗೇ ಕೆಮ್ಮಿದೆಯಾ.
ನಿನ್ನೆದೆ ಸುಟ್ಟ ಇಟ್ಟಿಗೆಯಿಂದ
ಮಾಳಿಗೆ ಮನೆಯ ಕಟ್ಟಿದನು.
ಕುದುರೆಯ ತಂದ, ಕಣ್ಣೀರ ತಂದ,
ಕದ್ದಿರೊ ಉಸಿರ ಬಚ್ಚಿಟ್ಟನು.

ಒಟ್ಟು ಕಾಲು ಗಂಟೆ ಹಾಡಿದಳು. ಜೆಕ್ಷೆನ್ ಎಂದು ಮೂರು ಸಲ ಹೆಸರಿಟ್ಟು ಕರೆದಳು. ಹಾಡು ನಿಂತಾಗ ಮುದುಕರೆಲ್ಲ ನೆಲ ನೋಡುತ್ತಿದ್ದರು. ಒಂದು ಗಳಿಗೆ ಅನ್ನಿಸಿತು, ಏಟು ಬಿತ್ತು, ಎಲ್ಲಿಗೆ ಬೀಳಬೇಕಿತ್ತೋ ಅಲ್ಲಿಗೇ ಬಿತ್ತು.

ಆಮೇಲೆ ಹೊರಗಿನಿಂದ ಚಪ್ಪಾಳೆ ಬಂತು. ಒಂದು, ಎರಡು, ಆಮೇಲೆ ನೂರಾರು. ಸಿಳ್ಳೆ ಬಂತು. ಗುಡಾರದ ಪರದೆ ಎತ್ತಿ ಹತ್ತಾರು ಫೋನುಗಳು ಒಳಗೆ ತೂರಿದವು. ಸಾವಿನ ಗುಡಾರಕ್ಕೆ ಚಪ್ಪಾಳೆ ತಟ್ಟಿದ್ದನ್ನು ನಮ್ಮ ಕುಲದಲ್ಲಿ ಯಾರೂ ಕಂಡಿರಲಿಲ್ಲ. ಒಬ್ಬ ಮುದುಕ ಚಾಟಿ ಎತ್ತಿಕೊಂಡು, ನಾಯಿಗೆ ಹುಟ್ಟಿದವರಾ ಎಂದು ಬೈಯುತ್ತ ಅವರ ಮೇಲೆ ಹೋದ. ಅವರು ಓಡುತ್ತಲೂ ನಗುತ್ತಲೂ ವಿಡಿಯೋ ತೆಗೆದರು. ತಪ್ಪು ಮಾಡಿದೆವು ಎಂಬುದೇ ಅವರಿಗೆ ತಿಳಿಯಲಿಲ್ಲ. ರ‍್ಯಾಪ್‌ನಲ್ಲಿ ಒಬ್ಬರು ಇನ್ನೊಬ್ಬರನ್ನು ಪ್ರಾಸದಲ್ಲಿ ಹೊಡೆಯುತ್ತಾರೆ, ಚೆನ್ನಾಗಿ ಹೊಡೆದವರಿಗೆ ಚಪ್ಪಾಳೆ, ಹೊಡೆಸಿಕೊಂಡವನೂ ನಕ್ಕು ಕೈಕುಲುಕುತ್ತಾನೆ. ಅವರಿಗೆ ಅಲ್ಲಿ ಕಂಡದ್ದು ಅಷ್ಟೇ.

ಎಲ್ದಿಯಾರ್ ಒಳಗೆ ನುಗ್ಗಿದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಅಮ್ಮಾ, ಬೆಂಕಿ! ತಿಕೆನ್‌ಗಿಂತ ಒಂದು ಕೈ ಮೇಲು ನೀವು. ಇಲ್ಲಿ ಬೆಳಕು ಸಾಲ್ದು, ಹೊರಗೆ ಬಂದು ಇನ್ನೊಂದೇ ಸಲ ಹೇಳಿ. ಆ ಉಸಿರು ಬಚ್ಚಿಟ್ಟ ಅನ್ನೋ ಜಾಗದಿಂದ."

ಅಕ್ಕ ತಿರುಗಲಿಲ್ಲ. ಜೆಕ್ಷೆನ್ ಚಪ್ಪಾಳೆ ಬೀಳುವವರೆಗೆ ಬೆಳ್ಳಗಾಗಿದ್ದ. ಅದನ್ನು ನಾನು ಈ ಕಣ್ಣಿಂದ ಕಂಡೆ. ಚಪ್ಪಾಳೆ ಅವನನ್ನು ಉಳಿಸಿತು. ಮುಖದಲ್ಲಿ ರಕ್ತ ತಿರುಗಿ ಬಂತು. ಮಂಡಿಯೂರಿ ಕೂತು, ಫೋನುಗಳಿಗೆಲ್ಲ ಕಾಣುವಂತೆ, "ಅಕ್ಕಾ, ದೊಡ್ಡ ಕಲೆ ನಿಂದು. ಇಂಥ ಬಾಯಲ್ಲಿ ನನ್ನ ಹೆಸರು ಬಂತಲ್ಲ, ಅಷ್ಟು ಸಾಕು" ಎಂದ. ಸಂಜೆಯೊಳಗೆ ಆ ವಿಡಿಯೋ ಅವನ ಪ್ರಚಾರದ ಪುಟದಲ್ಲೇ ಇತ್ತು: ಜನರ ಕಟು ಮಾತಿಗೂ ತಲೆಬಾಗುವವನು, ಅಂತ.

ಹೆಂಗಸರು ಅಕ್ಕನ ಕಪ್ಪು ತೆಗೆದು ಬಿಳಿ ರುಮಾಲು ಕಟ್ಟಿದರು. ಅವಳು ಗೊಂಬೆಯಂತೆ ಕೈ ಎತ್ತಿದಳು, ಇಳಿಸಿದಳು. ಆಮೇಲೆ ನನ್ನ ಕಡೆ ನೋಡಿ, "ಹೇಳಿದೆ. ಕೇಳಿದ್ರು. ಕುಣಿದ್ರು" ಎಂದಳು. ಕುದುರೆಯ ಮಾಂಸವನ್ನು ಬಂದವರಿಗೆಲ್ಲ ಬಡಿಸಿದ್ದೂ ಅವಳೇ. ಊಟಕ್ಕೆ ಬಂದ ಮೇಲೆ ಯಾರು ತಂದದ್ದು ಎಂದು ನೋಡುವ ಹಾಗಿಲ್ಲ.

ವಾರದೊಳಗೆ ಅವಳ ಕೊಶೊಕ್ಕಿಗೆ ಡ್ರಮ್ಮು ಸೇರಿಸಿ ಹಾಡು ಮಾಡಿದರು. ಮೂರು ಲಕ್ಷ ಜನ ಮೆಚ್ಚಿದರು. ನಿಲ್ದಾಣದಲ್ಲಿ ಕಾಲೇಜು ಹುಡುಗಿಯರು ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಅಂಬಲಿ ಅರ್ಧ ಕುಡಿದು ಹೋಗುತ್ತಿದ್ದರು. ಗೂಡಿನ ಹೊಗೆ ಎಂದಿನಂತೆ ಏಳುತ್ತಿತ್ತು.

ನವೆಂಬರಿನ ಮೊದಲ ವಾರ ಅವಳು ಎಲ್ದಿಯಾರ್‌ನನ್ನು ಕರೆದು, ಮಂಗಳವಾರ ಬೆಳಿಗ್ಗೆ ಗೂಡಿನ ಗೇಟಿಗೆ ಅಡ್ಡ ಕೂರೋಣ, ಟೈರಿನ ಲಾರಿ ಒಳಗೆ ಹೋಗದ ಹಾಗೆ, ನಿನ್ನ ಜನಕ್ಕೆ ಹೇಳು ಎಂದಳು. ಅವನು ಅದನ್ನು ಅಭಿಮಾನಿಗಳ ಪುಟದಲ್ಲಿ ಹಾಕಿದ. ಏಳು ಸಾವಿರ ಜನ ಬರ್ತೀವಿ ಎಂದು ಒತ್ತಿದರು.

ಬಂದವರು ಅಕ್ಕನೂ ನಾನೂ ಸೇರಿ ಹನ್ನೊಂದು ಜನ. ಎಲ್ಲರೂ ಹೆಂಗಸರು, ಐವತ್ತು ದಾಟಿದವರು, ಅವತ್ತು ಗೂಟ ಹೊಡೆದವರೇ. ಎಲ್ದಿಯಾರ್ ಬರಲಿಲ್ಲ, ಫೋನಿಗೆ ಒಂದು ಕಪ್ಪು ಹೃದಯ ಕಳಿಸಿದ. ನಾವು ರಸ್ತೆಗೆ ಅಡ್ಡಲಾಗಿ ಕಂಬಳಿ ಹಾಸಿ ಕೂತೆವು. ಏಳೂವರೆಗೆ ಲಾರಿ ಬಂತು. ಕ್ಯಾಬಿನ್‌ನಿಂದ ತಿಕೆನ್‌ನ ದನಿ ಕೇಳುತ್ತಿತ್ತು, ಆ ಎಳೆದ ಉಸಿರು ಸಮೇತ. ಗಾಜಿಗೆ ಅವನದೇ ಚಿತ್ರ ಅಂಟಿಸಿತ್ತು. ಚಾಲಕ ಮೂವತ್ತರ ಆಸುಪಾಸಿನವನು. ಕೆಳಗಿಳಿದು ಅಕ್ಕನ ಗುರುತು ಹಿಡಿದವನೇ ಟೋಪಿ ತೆಗೆದ.

"ಅಮ್ಮಾ, ನೀವಾ? ನಿಮ್ಮ ಮಗನ ಒಂದೊಂದು ಹಾಡೂ ಬಾಯಿಪಾಠ ನಂಗೆ. ದಿನಾ ಇದನ್ನೇ ಹಾಕ್ಕೊಂಡು ಬರ್ತೀನಿ. ಒಂಚೂರು ಈ ಕಡೆ ಸರೀತೀರಾ, ಲೋಡು ಇಳಿಸ್ಬೇಕು."

"ಏನು ಲೋಡು?"

ಅವನು ಹಿಂದಕ್ಕೆ ತಿರುಗಿ, ಎರಡಾಳೆತ್ತರ ಪೇರಿಸಿದ್ದ ಟೈರುಗಳನ್ನು ಮೊದಲ ಸಲ ನೋಡುವವನಂತೆ ನೋಡಿದ. ಕ್ಯಾಬಿನ್‌ನಲ್ಲಿ ಹಾಡು ನಡೆದೇ ಇತ್ತು.

"ಹಾಡು ನಿಲ್ಸು" ಎಂದಳು ಅಕ್ಕ. "ಲಾರಿ ನಿಲ್ಸೋಕೆ ಆಗಲ್ಲ ಅಂದ್ರೆ ಹಾಡನ್ನಾದ್ರೂ ನಿಲ್ಸು."

ಅವನು ಹತ್ತಿ ಹಾಡು ನಿಲ್ಲಿಸಿದ. ಆಮೇಲೆ ಲಾರಿಯನ್ನು ಹಿಂದಕ್ಕೆ ತೆಗೆದು, ಕಾಲುವೆ ಬಳಸಿ ಹಿಂಭಾಗದ ಗೇಟಿನಿಂದ ಒಳಗೆ ಹೋದ.

ಮರುದಿನ ನಾವು ಐದು ಜನ ಈ ಗೇಟಿಗೆ, ಆರು ಜನ ಆ ಗೇಟಿಗೆ ಹಂಚಿಕೊಂಡೆವು.