ಮೂರು ಜನರ ಹಣ್ಣು

ಡಿಗ್ರಿಯ ಮೊದಲ ವರ್ಷದ ಸ್ಕಾಲರ್‌ಶಿಪ್ ಅರ್ಜಿಗೆ ಕೊನೆಯ ದಿನ ಹತ್ತಿರ ಬಂದಿತ್ತು. ಅದು ಸಿಗದಿದ್ದರೆ ನಾನು ಕಾಲೇಜು ಬಿಟ್ಟು ಬಾಳೂರಿನ ಎಸ್ಟೇಟಿನಲ್ಲೇ ಕೆಲಸಕ್ಕೆ ನಿಲ್ಲಬೇಕೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮೂಡಿಗೆರೆಯ ಸೈಬರ್ ಅಂಗಡಿಯಲ್ಲಿ ಅರ್ಜಿ ತುಂಬಿಸಿದಾಗ ಬಾಕಿ ಉಳಿದದ್ದು ಆದಾಯ ಪ್ರಮಾಣಪತ್ರ ಒಂದೇ. ಅದಕ್ಕೆ ಎಸ್ಟೇಟಿನಿಂದ ಅಪ್ಪ, ಅವ್ವನ ಕೂಲಿಯ ಚೀಟಿ ತರಬೇಕು ಎಂದು ನಾಡಕಚೇರಿಯಲ್ಲಿ ಹೇಳಿದರು.

ಎಸ್ಟೇಟಿನ ಹಾಜರಿ, ಕೂಲಿ ಬರೆಯುವ ರೈಟರು ಚೀಟಿ ಕೊಟ್ಟರು. ಅದನ್ನು ನೋಡಿ ನಾಡಕಚೇರಿಯವರು, "ಇಷ್ಟಿದ್ರೆ ನಿಮಗೆ ಬರಲ್ಲ ಕಣಮ್ಮ, ಮಿತಿ ದಾಟಿದೆ," ಎಂದರು.

ದಾಟಿದ್ದು ಅವ್ವನಿಂದ. ಕಾಫಿ ಕುಯ್ಲಿನ ಕಾಲದಲ್ಲಿ ಕೂಲಿ ಕಿಲೋ ಲೆಕ್ಕ. ಪ್ರತಿ ವರ್ಷ ತರೀಕೆರೆ ಕಡೆಯಿಂದ ಚಿಕ್ಕಮ್ಮ, ಚಿಕ್ಕಪ್ಪ ಬಂದು ಎಸ್ಟೇಟಿನವರು ಕೊಟ್ಟ ನಮ್ಮ ಲೈನ್ ಮನೆಯಲ್ಲೇ ಇದ್ದು ಹಣ್ಣು ಕುಯ್ಯುತ್ತಿದ್ದರು. ಅವರ ಹೆಸರು ಎಸ್ಟೇಟಿನ ಪುಸ್ತಕದಲ್ಲಿರಲಿಲ್ಲ. ಹಾಗಾಗಿ ಮೂವರ ಹಣ್ಣೂ ಸಂಜೆ ಅವ್ವನ ಹೆಸರಿನಲ್ಲೇ ತೂಕಕ್ಕೆ ಹೋಗುತ್ತಿತ್ತು. ಬಟವಾಡೆಯ ದಿನ ಅವರ ಪಾಲು ಅವರಿಗೆ. ಬೇರೆ ಮನೆಗಳಲ್ಲೂ ಹೀಗೆಯೇ ನಡೆಯುತ್ತಿತ್ತು. ಆದರೆ ಕುಯ್ಲು ಮುಗಿದಾಗ ಎಲ್ಲರಿಗಿಂತ ಹೆಚ್ಚು ಕುಯ್ದವರನ್ನು ಎಸ್ಟೇಟಿನ ಮಾಲೀಕರಾದ ಸಾಹುಕಾರರು ಕರೆದು, ಎಲ್ಲರೆದುರು ಸೀರೆ ಕೊಡುತ್ತಿದ್ದರು. ವರ್ಷ ವರ್ಷವೂ ಅದು ಅವ್ವನಿಗೇ. ಪಕ್ಕದ ಮನೆಯವಳು, "ಬಂದ್ಲು ನೋಡ್ರೇ ಆರು ಕೈಯವ್ಳು," ಎಂದು ಛೇಡಿಸಿದರೆ ಅವ್ವ ನಗುತ್ತಿರಲಿಲ್ಲ.

"ನಂಗೂ ಗೊತ್ತು ಮಾರಾಯ್ತಿ," ಎಂದರು ರೈಟರು, ನಾನು ಮತ್ತೆ ಹೋದಾಗ. "ಪುಸ್ತಕದಲ್ಲಿ ಇದ್ದಂಗೆ ಬರೀಬೇಕಲ್ಲ ನಾನು. ನಿಮ್ಮವ್ವ ಬಂದು ಸಾವ್ಕಾರ್ರ ಹತ್ರ ಒಂದ್ ಮಾತು ಹೇಳ್ಲಿ, ಬೇರೆ ಚೀಟಿ ಬರ್ದು ಕೊಡ್ತೀನಿ."

ಮುಂದಿನದನ್ನು ಆಮೇಲೊಮ್ಮೆ ಚಿಕ್ಕಮಗಳೂರಿನಲ್ಲಿ, ಒಂದು ಟ್ರಸ್ಟಿನ ವಿದ್ಯಾರ್ಥಿವೇತನದ ಸಂದರ್ಶನದಲ್ಲಿ ಹೇಳಿದ್ದೇನೆ. ಅಲ್ಲಿ ನಾನು ಹೇಳಿದ ಕಥೆಯಲ್ಲಿ ಅವ್ವ ಕಾಫಿ ಕಣದ ನಡುವೆ ನಿಂತು, "ಅದು ನನ್ನೊಬ್ಳ ಹಣ್ಣಲ್ಲ," ಎನ್ನುತ್ತಾಳೆ. ಕೇಳುತ್ತಿದ್ದವರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ಕನ್ನಡಿಯ ಮುಂದೆ ಅಷ್ಟು ಸಲ ಅಭ್ಯಾಸ ಮಾಡಿದ್ದರಿಂದ ಇವತ್ತಿಗೂ ಮೊದಲು ಕಣ್ಣಿಗೆ ಬರುವುದು ಆ ಚಿತ್ರವೇ. ಅದನ್ನು ಪಕ್ಕಕ್ಕೆ ಸರಿಸಿ ಬರೆಯಬೇಕು.

ನಡೆದದ್ದು ಕಣದಲ್ಲಲ್ಲ, ಎಸ್ಟೇಟ್ ಆಫೀಸಿನ ಜಗಲಿಯಲ್ಲಿ. ಕಾಯುತ್ತಿದ್ದ ಕೆಲಸದವರು ನಾಲ್ಕೈದು ಜನ. ಇಬ್ಬರೇ ಇದ್ದರೋ ಏನೋ. ಸಾಹುಕಾರರು ಫೋನು ಮುಗಿಸಿ, "ಏನಮ್ಮಾ ನಮ್ಮ ಫಸ್ಟ್ ಪ್ರೈಜು, ಏನ್ ಸಮಾಚಾರ?" ಎಂದರು. ಅವ್ವ ಬಾಯಿ ತೆರೆದಳು. ಮಾತು ಬರಲಿಲ್ಲ. ಎಷ್ಟು ಹೊತ್ತು? ನನಗೆ ಬಹಳ ಹೊತ್ತು ಎನಿಸಿತು. ಒಂದು ಉಸಿರಿನಷ್ಟೇ ಇದ್ದಿರಬಹುದು.

"ಅದೆಲ್ಲ ಅವ್ವ ಕುಯ್ದಿದ್ದಲ್ಲ ಸಾರ್. ಚಿಕ್ಕಮ್ಮಂದೂ ಚಿಕ್ಕಪ್ಪಂದೂ ಸೇರಿತ್ತು." ನಾನೇ ಹೇಳಿಬಿಟ್ಟೆ.

ಸಾಹುಕಾರರು ನಕ್ಕರು. "ಗೊತ್ತಿಲ್ವಾ ನಂಗೆ? ಒಬ್ರೇ ಅಷ್ಟು ಕುಯ್ಯಕ್ಕಾಗುತ್ತಾ?" ಹೊಸ ಚೀಟಿಗೆ ಐದು ನಿಮಿಷವೂ ಹಿಡಿಯಲಿಲ್ಲ. ಅವ್ವ ಅಷ್ಟೂ ಹೊತ್ತು ಜಗಲಿಯ ಕಂಬ ನೋಡುತ್ತಾ ನಿಂತಿದ್ದಳು.

ರಸ್ತೆಗೆ ಇಳಿಯುವ ದಾರಿಯಲ್ಲಿ ಅವಳು ಮುಂದೆ, ಚೀಟಿ ಹಿಡಿದ ನಾನು ಹಿಂದೆ.

"ನಾನೇ ಹೇಳ್ತಿದ್ದೆ," ಎಂದಳು ತಿರುಗದೆ. "ಒಂಚೂರು ತಡಿಯಕ್ಕಾಗ್ಲಿಲ್ವಾ ನಿಂಗೆ?"

ಹೇಳುತ್ತಿದ್ದಳೇ? ತಿಳಿಯುವ ದಾರಿಯನ್ನು ನಾನು ಉಳಿಸಲಿಲ್ಲ. ಸರ್ಕಾರದ ಸ್ಕಾಲರ್‌ಶಿಪ್ ಬಂತು, ಓದು ಮುಂದುವರಿಯಿತು. ಸಂದರ್ಶನದಲ್ಲಿ ಆ ಮಾತನ್ನು ಅವಳ ಬಾಯಿಂದ ಹೇಳಿಸಿದ್ದು ಟ್ರಸ್ಟಿನ ಹಣದ ಆಸೆಗೋ, ಅವಳಿಂದ ಕಸಿದದ್ದನ್ನು ಹಿಂದಿರುಗಿಸುವುದಕ್ಕೋ, ಈಗ ಬಿಡಿಸಿ ಹೇಳಲಾರೆ. ಅವತ್ತು, "ತಪ್ಪಾಯ್ತು ಅವ್ವ," ಎಂದೆ.

"ಬೇಗ ನಡಿ," ಎಂದಳು. "ಬಸ್ಸು ತಪ್ಪಿದ್ರೆ ನಾಡಕಚೇರಿ ಬಾಗ್ಲು ಹಾಕ್ಬಿಡ್ತಾರೆ."