ಮನೆಯದಕ್ಕೆ ಅಗ್ಗದ ಡಿಸ್ಕು

ಸಿರುಗುಪ್ಪದಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ. ಮದುವೆ ವಿಡಿಯೋ ತೆಗೆಯುವುದು ಹೊಟ್ಟೆಪಾಡು. ಹೆಂಡತಿ ಇದ್ದಷ್ಟು ದಿನ ಲೈಟ್ ಹಿಡಿಯುವ ಕೆಲಸ ಅವಳದು. ನಾಚಿ ತಲೆ ತಗ್ಗಿಸಿದ ಮದುಮಗಳನ್ನು ನಗಿಸುವುದೂ ಅವಳದೇ. ಆ ಕೆಲಸ ನನ್ನ ಮುಖಕ್ಕೆ ಒಗ್ಗುತ್ತಿರಲಿಲ್ಲ. ಅವಳು ತೀರಿಕೊಂಡ ಮೇಲೆ ಲೈಟಿಗೊಂದು ಸ್ಟ್ಯಾಂಡ್ ತಂದೆ. ಸ್ಟ್ಯಾಂಡು ಮಾತಾಡುವುದಿಲ್ಲ. ಮನೆಗೆ ಹೋದರೆ ಅಲ್ಲೂ ಮಾತಿಲ್ಲ.

ನಮ್ಮ ಕಡೆ ಯಾರಾದರೂ ತೀರಿಹೋದರೆ ಮನೆಯವರು ಸ್ಟುಡಿಯೋಗೆ ಓಡಿಬರುತ್ತಾರೆ. ಯಾವುದೋ ಕಾಲದ ಮದುವೆಯಲ್ಲಿ ಊಟಕ್ಕೆ ಕೂತಿದ್ದ ಅಜ್ಜನ ಮುಖ ಬೇಕು, ಫ್ರೇಮ್ ಹಾಕಿಸಬೇಕು. ಅದಕ್ಕೇ ನಾನು ಯಾವ ಮದುವೆಯನ್ನೂ ಅಳಿಸುವುದಿಲ್ಲ. ಕಂಪ್ಯೂಟರ್ ತುಂಬಿದಾಗ ಎರಡು ಡಿಸ್ಕ್ ತರಲು ಬಳ್ಳಾರಿಗೆ ಹೋದೆ. ಗಿರಾಕಿಗಳ ಮದುವೆಗೊಂದು, ನಮ್ಮ ಮನೆಯ ಫೋಟೋ, ವಿಡಿಯೋ, ಕಾಗದಪತ್ರಕ್ಕೊಂದು.

ಅಂಗಡಿಯವನು ಎರಡು ಬಗೆ ಮುಂದಿಟ್ಟ. ಒಂದಕ್ಕೆ ಮೂರು ವರ್ಷದ ವಾರಂಟಿ. ಇನ್ನೊಂದು ಹೆಸರೇ ಕೇಳಿರದ ಕಂಪನಿಯದು, ಬೆಲೆ ಅರ್ಧಕ್ಕೂ ಕಡಿಮೆ. ಜಾಗ ಮಾತ್ರ ದುಬಾರಿಯದರಷ್ಟೇ ಇದೆ ಎಂದು ಡಬ್ಬಿಯ ಮೇಲಿತ್ತು.

"ಅಗ್ಗದ್ದು ಹೆಂಗ್ರಿ?" ಎಂದೆ.

"ನಡದ್ರ ನಡೀತೈತ್ರಿ ಸರ. ಪೂರಾ ತುಂಬಿಸಿ, ತೆಗೆದು ನೋಡಿ, ಆಮ್ಯಾಲ ನಂಬ್ರಿ. ವಾರಂಟಿ ಇದ್ರೂ ಅದು ಡಿಸ್ಕಿಗಷ್ಟ, ಒಳಗಿನ ಫೋಟೋಕ್ಕಲ್ಲ."

ದುಬಾರಿಯದು ಗಿರಾಕಿಗಳಿಗೆ ಎಂದುಕೊಂಡೆ. ಅವರದು ಹೋದರೆ ಊರಲ್ಲಿ ತಲೆಯೆತ್ತಿ ತಿರುಗುವಂತಿಲ್ಲ. ಮನೆಯದು ಹೋದರೆ ಯಾರು ಕೇಳುತ್ತಾರೆ? ಅಗ್ಗದ್ದೇ ಸಾಕು. ಗಿರಾಕಿಗಳ ಡಿಸ್ಕನ್ನು ದಿನವಿಡೀ ತುಂಬಿಸಿ, ಒಂದೊಂದೇ ತೆರೆದು ನೋಡಿದೆ. ಮನೆಯದರಲ್ಲಿ ಫೈಲುಗಳ ಹೆಸರು ಸಾಲಾಗಿ ಬಂದದ್ದು ನೋಡಿದ್ದೇ ತಡ, ಕಂಪ್ಯೂಟರಿನಲ್ಲಿದ್ದುದನ್ನು ಅಳಿಸಿಬಿಟ್ಟೆ. ಕಸುಬು ಬಲ್ಲವನ ಬುದ್ಧಿ ಇದು.

ಹೆಂಡತಿಯ ವರ್ಷದ ಕಾರ್ಯ ಹತ್ತಿರ ಬಂದಾಗ ಕುರುಗೋಡಿನಿಂದ ಅವಳ ತಂಗಿ ಫೋನ್ ಮಾಡಿದಳು.

"ಮಾವಾ, ಗೋಡಿ ಮ್ಯಾಲಿನ ಫೋಟೋದಾಗ ಅಕ್ಕ ಸಿಟ್ಟು ಮಾಡಿದಂಗ ಕಾಣ್ತಾಳ. ಮಾತಾಡೋ ವಿಡಿಯೋ ಒಂದರ ಕಳಸ್ರಿ. ದನಿ ಮರತಂಗಾಗೇತಿ."

ನನಗೂ ಮರೆಯುತ್ತಾ ಬಂದಿತ್ತು. ಮನೆಯ ಡಿಸ್ಕನ್ನು ಕಂಪ್ಯೂಟರಿಗೆ ಹಚ್ಚಿದೆ.

ಡಿಸ್ಕಿನಲ್ಲಿ ಹೆಸರುಗಳೆಲ್ಲ ಇದ್ದವು. ಮೊದಲು ಹಾಕಿದ್ದ ಕರೆಂಟ್ ಬಿಲ್ಲು, ರೇಷನ್ ಕಾರ್ಡು ತೆರೆದವು. ಅವಳದು ಒಂದೂ ತೆರೆಯಲಿಲ್ಲ. ಬಳ್ಳಾರಿಗೆ ಒಯ್ದೆ. ಅಂಗಡಿಯವನು ಬಹಳ ಹೊತ್ತು ನೋಡಿ, "ಡಬ್ಬಿ ಮ್ಯಾಲ ಬರೆದಷ್ಟು ಜಾಗನ ಇದರಾಗಿಲ್ರಿ. ಜಾಗ ತುಂಬಿದ ಮ್ಯಾಲ ಹಾಕಿದ್ದರ ಹೆಸರಷ್ಟ ಬಂದಾವ, ವಿಡಿಯೋ ಒಳಗ ಹೋಗೇ ಇಲ್ಲ," ಎಂದ. ಬಸ್ಸು ತೆಕ್ಕಲಕೋಟೆ ದಾಟುವವರೆಗೂ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದೆ. ನನ್ನವಳನ್ನು ನಾನೇ ಅಗ್ಗ ಮಾಡಿದ್ದೆ.

ಆಮೇಲೆ ಎರಡು ದಿನ ಸ್ಟುಡಿಯೋ ಬಾಗಿಲು ಹಾಕಿಕೊಂಡು ಗಿರಾಕಿಗಳ ಡಿಸ್ಕಿನಲ್ಲಿ ಮದುವೆ ಮೇಲೆ ಮದುವೆ ನೋಡಿದೆ. ಯಾವುದರಲ್ಲೂ ಅವಳಿಲ್ಲ. ಲೈಟ್ ಹಿಡಿದವರು ಚಿತ್ರದಲ್ಲಿ ಬರುವುದಿಲ್ಲ; ದನಿಯನ್ನು ನಾನೇ ಕೂಡಿಸಿದ ಹಾಡು ಮುಚ್ಚಿತ್ತು. ಕೊನೆಗೆ ದೇಶನೂರಿನ ಒಂದು ಮದುವೆ, ಇನ್ನೂ ಹಾಡು ಕೂಡಿಸದ ವಿಡಿಯೋ. ಮದುಮಗಳು ತಲೆ ತಗ್ಗಿಸಿ ಕೂತಿದ್ದಾಳೆ. ಕ್ಯಾಮೆರಾ ಪಕ್ಕದಿಂದ, ಲೈಟಿನ ಹಿಂದಿನಿಂದ ನನ್ನವಳ ದನಿ: "ಈ ಕಡಿ ನೋಡವ್ವ. ನಮ್ಮ ಮನಿಯವರ ಮಾರಿ ನೋಡಬ್ಯಾಡ, ನನ್ನ ಮಾರಿ ನೋಡಿ ನಗು." ಮದುಮಗಳು ಕಿಸಕ್ಕನೆ ನಕ್ಕಳು.

ಅಷ್ಟನ್ನೇ ಕತ್ತರಿಸಿ ಕುರುಗೋಡಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಫೋನ್ ಬಂತು.

"ಇದು ಯಾರದೋ ಮದುವಿ ಐತಿ ಮಾವಾ. ಅಕ್ಕ ಎಲ್ಲದಾಳ?"

"ಲೈಟಿನ ಹಿಂದ ಅದಾಳವ್ವ. ಆ ಹುಡುಗಿ ನಗಾಕತ್ತಿದ್ದು ಆಕೀನ್ನ ನೋಡಿ. ಸೌಂಡ್ ಜಾಸ್ತಿ ಮಾಡಿ ಇನ್ನೊಮ್ಮಿ ಕೇಳು."